ಸ್ಥಳೀಯ ಅಂಚೆಯ ಬಟವಾಡೆ ಮತ್ತು ಅದರ ದೋಷಶೋಧನೆ: ಮೈಸೂರು ಅಂಚೆಯಿಂದ ಲಿನಕ್ಸ್ ಗಣಕದವರೆಗೆ

೧. ವಿಷಯ ಪ್ರವೇಶ

ಅಂಚೆಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ದಾರಿಯ ಚರಿತ್ರೆಯನ್ನೇ ಬರೆದಿದ್ದಾರೆ. ಹರಿಕಾರರ ಓಟ, ರೈಲು, ತಂತಿ, ವಿಮಾನ ಇವುಗಳ ವೇಗವೂ ವಿಸ್ತಾರವೂ ಚರಿತ್ರಕಾರನ ಕಣ್ಣನ್ನು ಸಹಜವಾಗಿಯೇ ಸೆಳೆದಿವೆ. ಪತ್ರವು ನೂರಾರು ಮೈಲಿ ಕ್ರಮಿಸಿ ಊರಿಗೆ ಬಂದ ಮೇಲೆ ಸೇರತಕ್ಕವರ ಕೈಯನ್ನು ಸೇರುವ ಕಡೆಯ ಹೆಜ್ಜೆಗೆ ಮಾತ್ರ ನಮ್ಮ ಗ್ರಂಥಗಳಲ್ಲಿ ದೊರೆತಿರುವ ಸ್ಥಳ ಅತ್ಯಲ್ಪ. ಈ ಕಡೆಯ ಹೆಜ್ಜೆಯನ್ನೇ ‘ಬಟವಾಡೆ’ ಎನ್ನುತ್ತೇವೆ. ಹೊರಗಿನಿಂದ ಬಂದ ಪತ್ರಕ್ಕೂ, ಅದೇ ಊರಿನಲ್ಲಿ ಹಾಕಿ ಅದೇ ಊರಿನಲ್ಲಿ ಮುಟ್ಟಬೇಕಾದ ಪತ್ರಕ್ಕೂ ಈ ಹೆಜ್ಜೆ ಸಮಾನವಾದದ್ದು.

ದಾರಿಯಲ್ಲಿ ಒದಗುವ ವಿಘ್ನವು ಎಲ್ಲರಿಗೂ ಕಾಣುತ್ತದೆ. ಹೊಳೆ ಬಂದರೆ, ಸೇತುವೆ ಕುಸಿದರೆ, ತಂತಿ ತುಂಡಾದರೆ ಊರಿಗೆ ಊರೇ ಅದನ್ನು ಅರಿಯುತ್ತದೆ. ಬಟವಾಡೆಯಲ್ಲಿ ಒದಗುವ ದೋಷವು ಮೌನವಾದದ್ದು. ಕಳುಹಿಸಿದವನು ಪತ್ರ ಮುಟ್ಟಿತೆಂದು ತಿಳಿಯುತ್ತಾನೆ. ಪಡೆಯಬೇಕಾದವನಿಗೆ ಪತ್ರವೊಂದು ಹೊರಟಿತ್ತೆಂಬುದೇ ಗೊತ್ತಿರುವುದಿಲ್ಲ. ಈ ಮೌನವನ್ನು ಮುರಿಯುವುದಕ್ಕೆ ಬೇರೆ ಬೇರೆ ಕಾಲದ ಅಂಚೆಗಳು ಯಾವ ಉಪಾಯಗಳನ್ನು ಕಂಡುಕೊಂಡವು, ಅವು ಎಲ್ಲಿ ಸಾಲದೆ ಹೋದವು ಎಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ. ಮೊದಲು ನಮ್ಮ ನಾಡಿನ ಮೈಸೂರು ಅಂಚೆಯನ್ನೂ, ಅನಂತರ ಗಣಕಯಂತ್ರದೊಳಗಣ ಅಂಚೆಯನ್ನೂ ತೆಗೆದುಕೊಂಡಿದೆ. ಎರಡನ್ನೂ ಒಂದೆಡೆ ಇಟ್ಟು ನೋಡಲು ಕಾರಣವಾದದ್ದು ಸೊರಬ ತಾಲ್ಲೂಕಿನ ಜಡೆಯ ಸುತ್ತಣ ಶಾಸನಗಳಿಗೆ ಸಂಬಂಧಿಸಿದ ಒಂದು ನಷ್ಟ. ಅದರ ವಿವರ ಐದನೆಯ ಭಾಗದಲ್ಲಿದೆ.

೨. ಮೈಸೂರು ಅಂಚೆ

ಹಳಗನ್ನಡದಲ್ಲಿ ‘ಅಂಚೆ’ ಎಂದರೆ ಹಂಸ. ಟಪಾಲು ಎಂಬ ಅರ್ಥದಲ್ಲಿ ಈ ಶಬ್ದವು ಮೈಸೂರು ಸೀಮೆಯಲ್ಲಿ ರೂಢಿಯಾಗಿ ಇಂದು ಕನ್ನಡ ನಾಡಿಗೆಲ್ಲ ಸಾಮಾನ್ಯವಾಗಿದೆ. ಮೈಸೂರಿನಲ್ಲಿ ಕ್ರಮಬದ್ಧವಾದ ಅಂಚೆಯನ್ನು ಏರ್ಪಡಿಸಿದ ಕೀರ್ತಿ ಚಿಕ್ಕದೇವರಾಜ ಒಡೆಯರದು (ಆಳ್ವಿಕೆ ೧೬೭೩–೧೭೦೪). ಅವರು ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದರೆಂಬುದು ಪ್ರಸಿದ್ಧವಾದ ಸಂಗತಿ. ಅವುಗಳಲ್ಲಿ ಬೇಹಿನ ಚಾವಡಿಯೂ ಒಂದು. ಅಂಚೆಯೂ ಗುಪ್ತವಾರ್ತೆಯೂ ಒಂದೇ ಇಲಾಖೆಯ ಕೆಲಸವಾಗಿದ್ದುವು. ಪತ್ರವನ್ನು ಒಯ್ಯತಕ್ಕವನು ತಾನು ಕಂಡದ್ದನ್ನೂ ಕೇಳಿದ್ದನ್ನೂ ದೊರೆಗೆ ಅರಿಕೆ ಮಾಡಬೇಕಾಗಿದ್ದಿತು.

ಇದನ್ನು ಪ್ರಜೆಗಳ ಮೇಲಣ ಕಣ್ಗಾವಲೆಂದು ಖಂಡಿಸಿದವರುಂಟು. ಆ ಖಂಡನೆ ನ್ಯಾಯವಾದದ್ದೇ. ನಮ್ಮ ವಿಷಯಕ್ಕೆ ಬೇಕಾದದ್ದು ಅದರ ಇನ್ನೊಂದು ಮುಖ. ಅರಸನಿಗೆ ಅಂಚೆಯ ಮುಖ್ಯ ಪ್ರಯೋಜನವು ದೂರದ ಊರಿನಲ್ಲಿ ಏನಾದರೂ ಕೆಟ್ಟರೆ ಅದರ ವರದಿ ತನ್ನನ್ನು ಮುಟ್ಟುವುದರಲ್ಲಿದ್ದಿತು. ವರದಿ ಬಾರದ ದಿನವು ಶಾಂತಿಯ ದಿನವೋ ಅಂಚೆ ಕೆಟ್ಟ ದಿನವೋ ಎಂಬ ಪ್ರಶ್ನೆ ಅಂದಿನ ಆಡಳಿತಗಾರನಿಗೂ ಇದ್ದಿರಲೇಬೇಕು. ಇಂದು ಗಣಕಯಂತ್ರವನ್ನು ನೋಡಿಕೊಳ್ಳುವವನ ಮುಂದೆ ಇರುವುದೂ ಇದೇ ಪ್ರಶ್ನೆಯೆಂಬುದನ್ನು ಮುಂದೆ ಕಾಣುವೆವು.

ಜಡೆಯು ಚಿಕ್ಕದೇವರಾಜರ ರಾಜ್ಯಕ್ಕೆ ಸೇರಿರಲಿಲ್ಲ. ಸೊರಬ ಸೀಮೆಯು ಆಗ ಕೆಳದಿಯ ಅರಸರದು. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದ ಮೇಲೆ ಈ ಭಾಗವು ಮೈಸೂರಿನ ಆಡಳಿತಕ್ಕೂ ಅದರ ಅಂಚೆಗೂ ಒಳಪಟ್ಟಿತು. ೧೭೯೯ರ ಅನಂತರ ದಿವಾನ್ ಪೂರ್ಣಯ್ಯನವರ ಕಾಲದಲ್ಲಿಯೂ, ೧೮೩೧ರಿಂದ ೧೮೮೧ರವರೆಗೆ ನಡೆದ ಕಮಿಷನರುಗಳ ಆಡಳಿತದಲ್ಲಿಯೂ ಮೈಸೂರು ಅಂಚೆಯು ತನ್ನ ಪ್ರತ್ಯೇಕತೆಯನ್ನು ಉಳಿಸಿಕೊಂಡಿದ್ದಿತು. ಇತ್ತ ಕಂಪನಿಯ ಪ್ರಾಂತಗಳಲ್ಲಿ ೧೮೩೭ರ ಶಾಸನದಿಂದ ಸರ್ಕಾರಿ ಅಂಚೆಯು ಸಾರ್ವಜನಿಕರ ಸೇವೆಗೂ ಒದಗಿತು. ೧೮೫೪ರಲ್ಲಿ ದೂರವನ್ನೆಣಿಸದೆ ಏಕರೂಪವಾದ ಅರ್ಧ ಆಣೆಯ ದರವೂ ಅಂಚೆಚೀಟಿಯೂ ಬಂದುವು. ತಿರುವಾಂಕೂರಿನ ‘ಅಂಚಲ್’ ತನ್ನದೇ ಅಂಚೆಚೀಟಿಗಳನ್ನು ಹೊರಡಿಸಿ ೧೯೫೧ರವರೆಗೂ ನಡೆಯಿತು. ಮೈಸೂರು ಅಂಚೆಯು ಅಂಚೆಚೀಟಿಯನ್ನು ಹೊರಡಿಸಲೇ ಇಲ್ಲ.

ಇಲ್ಲಿ ಜಡೆಯ ಭೌಗೋಲಿಕ ಸ್ಥಾನವನ್ನು ಗಮನಿಸತಕ್ಕದ್ದು. ಸೊರಬ ತಾಲ್ಲೂಕಿನ ಉತ್ತರ ಭಾಗವು ಮೈಸೂರು ರಾಜ್ಯದ ಗಡಿಯಾಗಿದ್ದಿತು. ಗಡಿಯಾಚೆಯ ಹಾನಗಲ್ಲು ಧಾರವಾಡ ಜಿಲ್ಲೆಗೂ, ಬನವಾಸಿಯು ಉತ್ತರ ಕನ್ನಡ ಜಿಲ್ಲೆಗೂ ಸೇರಿ ಬ್ರಿಟಿಷರ ನೇರ ಆಡಳಿತದಲ್ಲಿದ್ದುವು. ನೆಂಟಸ್ತಿಕೆ, ಸಂತೆ, ಮಠದ ಸಂಬಂಧ ಇವೆಲ್ಲವೂ ಗಡಿಯ ಎರಡೂ ಕಡೆ ಹಬ್ಬಿದ್ದರೂ ಅಂಚೆಯ ದೃಷ್ಟಿಯಲ್ಲಿ ನೆರೆಯ ಬನವಾಸಿಯು ಪರಸ್ಥಳ, ನೂರಾರು ಮೈಲಿ ದೂರದ ಮೈಸೂರು ಸ್ವಸ್ಥಳ. ರಾಜ್ಯದೊಳಗೂ ಬ್ರಿಟಿಷ್ ಅಂಚೆ ಕಛೇರಿಗಳಿದ್ದುದರಿಂದ ಒಂದೇ ನಾಡಿನಲ್ಲಿ ಎರಡು ಅಂಚೆಗಳು ನಡೆಯುತ್ತಿದ್ದುವು. ಪತ್ರವೊಂದನ್ನು ಕೈಗೆತ್ತಿಕೊಂಡವನು ಮೊದಲು ನಿರ್ಧರಿಸಬೇಕಾದದ್ದು ‘ಈ ವಿಳಾಸ ನಮ್ಮದೋ ಅವರದೋ’ ಎಂಬುದನ್ನು. ೧೮೮೯ರಲ್ಲಿ, ಶೇಷಾದ್ರಿ ಅಯ್ಯರ್‌ರವರು ದಿವಾನರಾಗಿದ್ದಾಗ, ಮೈಸೂರು ಅಂಚೆಯು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಲೀನವಾಯಿತು. ಸಂಸ್ಥಾನದ ಸರ್ಕಾರಿ ಪತ್ರಗಳನ್ನು ಶುಲ್ಕವಿಲ್ಲದೆ ಸಾಗಿಸತಕ್ಕದ್ದೆಂಬುದು ಆ ಒಪ್ಪಂದದ ಒಂದು ಅಂಗ. ಅಂದಿಗೆ ನಮ್ಮದು–ಅವರದು ಎಂಬ ಪ್ರಶ್ನೆ ಅಂಚೆಯ ಮಟ್ಟಿಗೆ ಪರಿಹಾರವಾಯಿತು.

ಉಳಿದದ್ದು ವಿಳಾಸದ ಅಸ್ಪಷ್ಟತೆ. ಒಂದೇ ಹೆಸರಿನ ಊರುಗಳು ಹಲವು. ಒಂದೇ ಹೆಸರನ್ನು ಬಗೆಬಗೆಯ ಲಿಪಿಗಳಲ್ಲಿ ಬರೆಯುವವರು ಬಹು ಮಂದಿ. ಇದಕ್ಕೆ ೧೯೭೨ರ ಆಗಸ್ಟ್ ೧೫ರಂದು ಶ್ರೀರಾಮ ಭಿಕಾಜಿ ವೇಲಣಕರರ ಯೋಜನೆಯಂತೆ ಆರಂಕಿಯ ಪಿನ್ ಸಂಖ್ಯೆ ಜಾರಿಗೆ ಬಂದಿತು. ಆ ಸಂಖ್ಯೆಯೂ ಪತ್ರವನ್ನು ಬಟವಾಡೆ ಮಾಡತಕ್ಕ ಕಛೇರಿಯವರೆಗೆ ಮಾತ್ರ ಒಯ್ಯುತ್ತದೆ. ಅಲ್ಲಿಂದ ಮುಂದಕ್ಕೆ ಬೇಕಾದದ್ದು, ಇಂಥವರು ಇಂಥ ಮನೆಯಲ್ಲಿ ಈಗಲೂ ಇದ್ದಾರೆಯೇ ಎಂಬ ತಿಳಿವಳಿಕೆ. ಅದು ಊರನ್ನು ಬಲ್ಲ ಅಂಚೆಯವನಲ್ಲಿ ಮಾತ್ರ ಇರುತ್ತದೆ.

೩. ಯಂತ್ರದೊಳಗಣ ಅಂಚೆ

ನಾಡಿನ ಅಂಚೆಯು ದೂರದ ಪತ್ರಗಳಿಗಾಗಿ ಹುಟ್ಟಿ ಅನಂತರ ಊರೊಳಗಿನ ಪತ್ರಗಳಿಗೂ ಒದಗಿತು. ಗಣಕಯಂತ್ರದ ಅಂಚೆಯ ಕ್ರಮ ಇದಕ್ಕೆ ವಿಪರೀತ. ಅಲ್ಲಿ ಮೊದಲು ಹುಟ್ಟಿದ್ದು ಸ್ಥಳೀಯ ಅಂಚೆ.

೧೯೬೦ರ ದಶಕದಲ್ಲಿ ಗಣಕವು ಅತ್ಯಂತ ದುಬಾರಿಯ ಯಂತ್ರವಾಗಿದ್ದುದರಿಂದ ಒಂದೇ ಯಂತ್ರವನ್ನು ಅನೇಕರು ಕಾಲವನ್ನು ಹಂಚಿಕೊಂಡು ಬಳಸುತ್ತಿದ್ದರು. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಇಂಥ ಒಂದು ಯಂತ್ರದಲ್ಲಿ ೧೯೬೫ರಲ್ಲಿ ಟಾಮ್ ವ್ಯಾನ್ ವ್ಲೆಕ್ ಮತ್ತು ನೋಯೆಲ್ ಮಾರಿಸ್ ಎಂಬವರು ‘ಮೇಲ್’ ಎಂಬ ಆಜ್ಞೆಯನ್ನು ರಚಿಸಿದರು. ಒಬ್ಬನು ಬರೆದ ಒಕ್ಕಣೆಯನ್ನು ಅದೇ ಯಂತ್ರದ ಮತ್ತೊಬ್ಬ ಬಳಕೆದಾರನ ಕೋಶದೊಳಗಣ ‘ಮೇಲ್ ಬಾಕ್ಸ್’ ಎಂಬ ಕಡತಕ್ಕೆ ಸೇರಿಸುವುದಷ್ಟೆ ಅದರ ಕೆಲಸ. ಪತ್ರವು ಯಂತ್ರವನ್ನು ಬಿಟ್ಟು ಹೊರಗೆ ಹೋಗುತ್ತಿರಲಿಲ್ಲ. ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಮ್ಸನ್ ಮತ್ತು ಡೆನ್ನಿಸ್ ರಿಚಿ ನಿರ್ಮಿಸಿದ ಯೂನಿಕ್ಸ್ ವ್ಯವಸ್ಥೆಯ ಮೊದಲ ಕೈಪಿಡಿ ೧೯೭೧ರ ನವೆಂಬರ್ ೩ನೆಯ ತಾರೀಖಿನದು. ಅದರಲ್ಲಿಯೂ ‘ಮೇಲ್’ ಎಂಬ ಆಜ್ಞೆಯಿದೆ. ಅದೇ ವರ್ಷದ ಕೊನೆಯಲ್ಲಿ ರೇ ಟಾಮ್ಲಿನ್‌ಸನ್ ಎಂಬವನು ಸ್ಥಳೀಯ ಪತ್ರದ ಕ್ರಮವಿಧಿಯೊಂದನ್ನೂ ಕಡತ ಸಾಗಿಸುವ ಕ್ರಮವಿಧಿಯೊಂದನ್ನೂ ಜೋಡಿಸಿ, ಒಂದು ಯಂತ್ರದಿಂದ ಇನ್ನೊಂದಕ್ಕೆ ಪತ್ರ ಹೋಗುವಂತೆ ಮಾಡಿದನು. ವ್ಯಕ್ತಿಯ ಹೆಸರನ್ನೂ ಯಂತ್ರದ ಹೆಸರನ್ನೂ ಬೇರ್ಪಡಿಸಲು ಆತನು ಆರಿಸಿಕೊಂಡ ‘ಅಟ್’ ಚಿಹ್ನೆಯೇ ಇಂದಿಗೂ ನಡೆದುಬಂದಿದೆ. ಆ ಚಿಹ್ನೆಯ ಬಲಗಡೆಯದು ಊರು, ಎಡಗಡೆಯದು ಮನೆ. ಎಡಗಡೆಯದನ್ನು ಅರ್ಥಮಾಡಿಕೊಳ್ಳುವ ಅಧಿಕಾರ ಆ ಊರಿನ ಯಂತ್ರಕ್ಕೆ ಮಾತ್ರ ಉಂಟು. ಸ್ಥಳೀಯ ಬಟವಾಡೆಯ ಸಕಲ ತೊಡಕುಗಳೂ ಈ ಎಡಗಡೆಗೆ ಸೇರಿದುವು.

ಯೂನಿಕ್ಸಿನ ಅಂಚೆಪೆಟ್ಟಿಗೆಯ ರಚನೆ ಪಾಠಶೋಧಕರಿಗೆ ಆಸಕ್ತಿಯನ್ನು ಹುಟ್ಟಿಸತಕ್ಕದ್ದು. ಒಬ್ಬ ವ್ಯಕ್ತಿಗೆ ಬಂದ ಎಲ್ಲ ಪತ್ರಗಳನ್ನೂ ಒಂದೇ ಕಡತದಲ್ಲಿ ಒಂದರ ಕೆಳಗೊಂದಾಗಿ ಬರೆಯುತ್ತಿದ್ದರು. ಒಂದು ಪತ್ರ ಮುಗಿದು ಇನ್ನೊಂದು ಮೊದಲಾಯಿತೆಂಬುದಕ್ಕೆ ಗುರುತು, ಪಂಕ್ತಿಯ ಮೊದಲಿಗೆ ಬರುವ ‘ಫ್ರಮ್’ ಎಂಬ ಶಬ್ದ. ಪತ್ರದ ಒಡಲಿನಲ್ಲಿಯೇ ಯಾವನಾದರೂ ಆ ಶಬ್ದದಿಂದ ಪಂಕ್ತಿಯನ್ನು ಆರಂಭಿಸಿದರೆ ಒಂದು ಪತ್ರ ಎರಡಾಗಿ ಒಡೆಯುತ್ತಿದ್ದಿತು. ಇದನ್ನು ತಪ್ಪಿಸಲು ಬಟವಾಡೆ ಮಾಡುವ ಕ್ರಮವಿಧಿಯು ಅಂಥ ಪಂಕ್ತಿಯ ಹಿಂದೆ ಬಾಣದಂಥ ಒಂದು ಚಿಹ್ನೆಯನ್ನು ತಾನೇ ಸೇರಿಸತೊಡಗಿತು. ಹಳೆಯ ಪತ್ರಗಳ ಪ್ರತಿಗಳಲ್ಲಿ ಈ ಚಿಹ್ನೆ ಕಂಡರೆ ಅದು ಲೇಖಕನದಲ್ಲ, ಲಿಪಿಕಾರನದು. ಓಲೆಗರಿಯ ಪ್ರತಿಗಳನ್ನು ಪರಿಷ್ಕರಿಸುವವರಿಗೆ ಈ ಬಗೆಯ ಪ್ರಕ್ಷೇಪ ಅಪರಿಚಿತವೇನೂ ಅಲ್ಲ.

ಒಂದೇ ಕಡತದಲ್ಲಿ ಬರೆಯುವುದರಿಂದ ಇನ್ನೊಂದು ಆಪತ್ತೂ ಇದ್ದಿತು. ಎರಡು ಪತ್ರಗಳು ಏಕಕಾಲಕ್ಕೆ ಬಂದರೆ, ಇಬ್ಬರು ಶಾನುಭೋಗರು ಒಂದೇ ಖಿರ್ದಿಯ ಒಂದೇ ಪುಟದಲ್ಲಿ ಬರೆದಂತೆ ಎರಡೂ ಬೆರೆತು ಕೆಡುತ್ತಿದ್ದುವು. ಒಬ್ಬನು ಬರೆಯುವಾಗ ಇನ್ನೊಬ್ಬನು ಕಾಯಬೇಕೆಂದು ಬೀಗದ ಕಡತವೊಂದನ್ನು ಇಡುವ ಪದ್ಧತಿ ಬಂದಿತು. ಬೀಗ ಹಾಕಿದವನು ನಡುವೆ ಅಳಿದುಹೋದರೆ ಬೀಗವು ಹಾಗೆಯೇ ಉಳಿದು, ಮುಂದಿನ ಪತ್ರಗಳೆಲ್ಲ ಬಾಗಿಲಲ್ಲಿ ನಿಲ್ಲುತ್ತಿದ್ದುವು. ಡ್ಯಾನಿಯಲ್ ಬರ್ನ್‌ಸ್ಟೈನ್ ೧೯೯೦ರ ದಶಕದಲ್ಲಿ ರಚಿಸಿದ ‘ಕ್ಯೂಮೇಲ್’ ವ್ಯವಸ್ಥೆಯಲ್ಲಿ ಪ್ರತಿ ಪತ್ರಕ್ಕೂ ಬೇರೆ ಕಡತ. ‘ಮೇಲ್‌ಡಿರ್’ ಎಂಬ ಈ ಕ್ರಮದಲ್ಲಿ ಬೀಗದ ಅಗತ್ಯವೇ ಇಲ್ಲ. ಇಂದಿನ ಲಿನಕ್ಸ್ ಯಂತ್ರಗಳಲ್ಲಿ ಎರಡು ಪದ್ಧತಿಗಳೂ ಚಾಲ್ತಿಯಲ್ಲಿವೆ. ಬಟವಾಡೆ ಮಾಡುವವನು ಒಂದು ಪದ್ಧತಿಯನ್ನೂ, ಪತ್ರ ಓದಿಸುವ ಕ್ರಮವಿಧಿ ಮತ್ತೊಂದು ಪದ್ಧತಿಯನ್ನೂ ಅನುಸರಿಸಿದರೆ, ಪತ್ರ ಮುಟ್ಟಿದೆಯೆಂದು ಲೆಕ್ಕದಲ್ಲಿದ್ದರೂ ಪೆಟ್ಟಿಗೆ ಬರಿದಾಗಿಯೇ ಕಾಣುತ್ತದೆ.

೪. ಕೈಬದಲು ಮತ್ತು ದಾಖಲೆ

೧೯೭೦ರ ದಶಕದ ಕೊನೆಗೆ ಯಂತ್ರಗಳ ಜಾಲಗಳು ಹಲವಾದುವು. ಒಂದೊಂದು ಜಾಲಕ್ಕೆ ಒಂದೊಂದು ಬಗೆಯ ವಿಳಾಸ. ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿದ್ದ ಎರಿಕ್ ಆಲ್‌ಮನ್ ಈ ತೊಡಕನ್ನು ಬಿಡಿಸಲು ಮೊದಲು ‘ಡೆಲಿವರ್‌ಮೇಲ್’ ಎಂಬುದನ್ನೂ, ಅನಂತರ ೧೯೮೦ರ ದಶಕದ ಆರಂಭದಲ್ಲಿ ‘ಸೆಂಡ್‌ಮೇಲ್’ ಎಂಬುದನ್ನೂ ರಚಿಸಿದನು. ಯಂತ್ರಗಳು ಪತ್ರವನ್ನು ಒಂದಕ್ಕೊಂದು ಒಪ್ಪಿಸುವ ಸಂಭಾಷಣೆಯ ನಿಯಮವನ್ನು ಜಾನ್ ಪೋಸ್ಟೆಲ್ ೧೯೮೨ರ ಆಗಸ್ಟಿನಲ್ಲಿ ಪ್ರಕಟಿಸಿದನು. ಭಾರತದಲ್ಲಿ ೧೯೮೬ರಲ್ಲಿ ಎಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ‘ಅರ್‌ನೆಟ್’ ಎಂಬ ವಿದ್ಯಾಜಾಲವನ್ನು ಆರಂಭಿಸಿತು. ಅದರಲ್ಲಿ ಭಾಗವಹಿಸಿದ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವೂ ಒಂದು. ಕನ್ನಡ ನಾಡಿಗೆ ಗಣಕದ ಅಂಚೆ ಬಂದದ್ದು ಹೀಗೆ ವಿದ್ಯಾಸಂಸ್ಥೆಯ ಮೂಲಕ. ಸಾರ್ವಜನಿಕರಿಗೆ ಇಂಟರ್‌ನೆಟ್ಟು ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು.

ಸೆಂಡ್‌ಮೇಲಿನ ಮುಖ್ಯ ತತ್ತ್ವ ಕಾರ್ಯವಿಭಜನೆ. ಪತ್ರವನ್ನು ಪಡೆಯುವುದು, ಸರದಿಯಲ್ಲಿ ಇಡುವುದು, ವಿಳಾಸವನ್ನು ವಿಚಾರಿಸುವುದು ಅದರ ಕೆಲಸ. ಪೆಟ್ಟಿಗೆಗೆ ಹಾಕುವ ಕೆಲಸವನ್ನು ಅದು ಬೇರೊಂದು ಸ್ಥಳೀಯ ಕ್ರಮವಿಧಿಗೆ ಒಪ್ಪಿಸುತ್ತದೆ. ಆ ಕ್ರಮವಿಧಿಯು ತನ್ನ ಕೆಲಸ ಮುಗಿಸಿ ಒಂದು ಸಂಖ್ಯೆಯನ್ನು ಹಿಂದಕ್ಕೆ ಹೇಳಬೇಕು. ಸೊನ್ನೆಯೆಂದರೆ ಮುಟ್ಟಿತು, ೬೭ ಎಂದರೆ ಅಂಥ ವ್ಯಕ್ತಿಯಿಲ್ಲ, ೭೩ ಎಂದರೆ ಕಡತವನ್ನು ಸೃಷ್ಟಿಸಲಾಗಲಿಲ್ಲ, ೭೫ ಎಂದರೆ ಈಗ ಆಗಲಿಲ್ಲ, ಮತ್ತೆ ಪ್ರಯತ್ನಿಸು. ೭೫ ಬಂದ ಪತ್ರವು ಸರದಿಯಲ್ಲಿ ಉಳಿಯುತ್ತದೆ. ರೂಢಿಯ ಏರ್ಪಾಟಿನಂತೆ ಐದು ದಿನ ಪ್ರಯತ್ನಿಸಿ ಆಗದಿದ್ದರೆ ಕಳುಹಿಸಿದವನಿಗೆ ಹಿಂದಿರುಗುತ್ತದೆ. ೬೭ ಬಂದದ್ದು ಒಡನೆಯೇ ಹಿಂದಿರುಗುತ್ತದೆ. ಅಂಚೆಯವನು ಲಕೋಟೆಯ ಮೇಲೆ ‘ವಿಳಾಸದಾರರು ಇಲ್ಲ’, ‘ಮನೆಗೆ ಬೀಗ’, ‘ಊರು ಬಿಟ್ಟಿದ್ದಾರೆ’ ಎಂದು ಬರೆಯುವ ಷರಾಗಳಿಗೂ ಇವಕ್ಕೂ ವ್ಯತ್ಯಾಸವಿಲ್ಲ. ಬೀಗ ಹಾಕಿದ ಮನೆಗೆ ನಾಳೆ ಮತ್ತೆ ಹೋಗಬಹುದು. ಊರು ಬಿಟ್ಟವರ ಮನೆಗೆ ಮತ್ತೆ ಹೋಗಿ ಪ್ರಯೋಜನವಿಲ್ಲ.

ಆಲ್‌ಮನ್‌ನ ಇನ್ನೊಂದು ಕೊಡುಗೆ ಚರಿತ್ರಕಾರನಿಗೆ ಹೆಚ್ಚು ಮುಖ್ಯವಾದದ್ದು. ಸೆಂಡ್‌ಮೇಲ್ ಏನು ಮಾಡುತ್ತಿದೆಯೆಂಬುದನ್ನು ಗುರುತಿಸಿಡಲು ಆತನು ‘ಸಿಸ್‌ಲಾಗ್’ ಎಂಬ ದಾಖಲೆಯ ಪದ್ಧತಿಯನ್ನು ನಿರ್ಮಿಸಿದನು. ಅನಂತರ ಅದು ಯೂನಿಕ್ಸ್ ವ್ಯವಸ್ಥೆಯ ಎಲ್ಲ ಕೆಲಸಗಳಿಗೂ ಹಬ್ಬಿ, ಇಂದು ಲಿನಕ್ಸ್ ಯಂತ್ರದ ದಿನಚರಿಯಾಗಿದೆ. ಗಣಕಲೋಕದ ಈ ದಿನಚರಿ ಹುಟ್ಟಿದ್ದು ಅಂಚೆಯ ಲೆಕ್ಕದ ಪುಸ್ತಕವಾಗಿ. ಪ್ರತಿ ಪತ್ರಕ್ಕೂ ಸರದಿಯ ಗುರುತೊಂದನ್ನು ಕೊಟ್ಟು, ಅದು ಯಾವಾಗ ಬಂದಿತು, ಯಾರಿಂದ, ಯಾರಿಗೆ, ಯಾರ ಕೈಗೆ ಒಪ್ಪಿಸಲಾಯಿತು, ಕಡೆಗೆ ಏನಾಯಿತು ಎಂಬುದನ್ನು ಅದರಲ್ಲಿ ಬರೆಯುತ್ತಾರೆ. ೧೯೯೧ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಈ ಪರಂಪರೆಯನ್ನೆಲ್ಲ ಯೂನಿಕ್ಸಿನಿಂದ ಪಡೆಯಿತು. ಅದರ ಮೇಲೆ ನಡೆಯುವ ಅಂಚೆ ವ್ಯವಸ್ಥೆಗಳಲ್ಲಿ ಫಿಲಿಪ್ ಹೇಜಲ್ ೧೯೯೫ರಲ್ಲಿ ಆರಂಭಿಸಿದ ‘ಎಕ್ಸಿಮ್’, ವೀಟ್ಸ ವೆನೆಮಾ ೧೯೯೮ರಲ್ಲಿ ಹೊರತಂದ ‘ಪೋಸ್ಟ್‌ಫಿಕ್ಸ್’ ಇವೆರಡು ಪ್ರಮುಖವಾದುವು.

೫. ಜಡೆಯ ಶಾಸನಗಳ ಪ್ರಸಂಗ

ಸೊರಬ ತಾಲ್ಲೂಕು ವೀರಗಲ್ಲು ಮತ್ತು ಮಾಸ್ತಿಕಲ್ಲುಗಳಿಂದ ಸಮೃದ್ಧವಾದದ್ದು. ಬಿ. ಎಲ್. ರೈಸ್‌ರವರು ಈ ತಾಲ್ಲೂಕಿನ ಶಾಸನಗಳನ್ನು ೧೯೦೪ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಎಂಟನೆಯ ಸಂಪುಟದಲ್ಲಿ ಪ್ರಕಟಿಸಿದರು. ನೆರೆಯ ಶಿಕಾರಿಪುರದವು ೧೯೦೨ರ ಏಳನೆಯ ಸಂಪುಟದಲ್ಲಿವೆ. ಅವರ ಕಣ್ಣಿಗೆ ಬೀಳದ ಕಲ್ಲುಗಳು ಗದ್ದೆಯ ಬದುಗಳಲ್ಲಿಯೂ ಕೆರೆಯ ಏರಿಗಳಲ್ಲಿಯೂ ಈಗಲೂ ದೊರೆಯುವುದುಂಟು. ಇಂಥವುಗಳನ್ನು ಹುಡುಕಿ ಛಾಯಾಚಿತ್ರ ತೆಗೆದು ಪಾಠವನ್ನು ಬರೆದುಕೊಳ್ಳುವ ಕೆಲಸವನ್ನು ಒಂದು ಕಾಲೇಜಿನ ವಿದ್ಯಾರ್ಥಿಗಳು ಜಡೆಯ ಸುತ್ತಣ ಹಳ್ಳಿಗಳಲ್ಲಿ ನಡೆಸಿದರು. ಅವರ ಸಂಗ್ರಹವನ್ನು ಅಲ್ಲಿನ ಒಂದು ಲಿನಕ್ಸ್ ಸರ್ವರಿನಲ್ಲಿ ಇಡಲಾಗಿದ್ದಿತು. ಆ ಕೆಲಸದಲ್ಲಿ ಈ ಲೇಖಕನೂ ಭಾಗಿಯಾಗಿದ್ದುದರಿಂದ ಮುಂದಿನ ಸಂಗತಿಗಳು ಸ್ವಂತ ತಿಳಿವಳಿಕೆಯವು. ಹೊಣೆಯಲ್ಲಿಯೂ ಆತನಿಗೆ ಪಾಲುಂಟು.

ಪ್ರತಿರಾತ್ರಿ ಸಂಗ್ರಹದ ಪ್ರತಿಯೊಂದನ್ನು ಎರಡನೆಯ ಡಿಸ್ಕಿಗೆ ಇಳಿಸುವಂತೆ ‘ಕ್ರಾನ್’ ಎಂಬ ಕಾಲನಿಯಾಮಕಕ್ಕೆ ಆಜ್ಞೆಯಿದ್ದಿತು. ಕೆಲಸ ಕೆಟ್ಟರೆ ಅದರ ವಿವರವನ್ನು ಕ್ರಾನ್ ಸ್ಥಳೀಯ ಅಂಚೆಯ ಮೂಲಕ ‘ರೂಟ್’ ಎಂಬ ಹೆಸರಿಗೆ ಬರೆಯುತ್ತದೆ. ರೂಟ್ ಎಂಬುದು ಯಂತ್ರದ ಸರ್ವಾಧಿಕಾರಿಯ ಪದವಿಯೇ ಹೊರತು ಒಬ್ಬ ಮನುಷ್ಯನಲ್ಲ. ಆದಕಾರಣ ಆ ಪದವಿಗೆ ಬಂದ ಪತ್ರ ಯಾರಿಗೆ ಹೋಗಬೇಕೆಂದು ‘ಅಲಿಯಾಸ್’ ಎಂಬ ಪರ್ಯಾಯನಾಮಗಳ ಪಟ್ಟಿಯಲ್ಲಿ ಬರೆದಿಡುತ್ತಾರೆ. ಇಲ್ಲಿ ಅದನ್ನು ಒಬ್ಬ ಸಹೋದ್ಯೋಗಿಯ ಹೆಸರಿಗೆ ಬರೆಯಲಾಗಿದ್ದಿತು. ಅವರಿಗೆ ಬೇರೆ ಊರಿಗೆ ವರ್ಗವಾಯಿತು. ನಿಯಮದಂತೆ ಯಂತ್ರದಿಂದ ಅವರ ಹೆಸರನ್ನು ತೆಗೆಯಲಾಯಿತು. ಅಲಿಯಾಸ್ ಪಟ್ಟಿಯ ಪಂಕ್ತಿ ಮಾತ್ರ ಹಾಗೆಯೇ ಉಳಿಯಿತು. ಕೆಲವು ವಾರಗಳಲ್ಲಿ ಎರಡನೆಯ ಡಿಸ್ಕು ತುಂಬಿತು. ಅಂದಿನಿಂದ ಪ್ರತಿರಾತ್ರಿ ಪ್ರತಿ ಇಳಿಸುವ ಕೆಲಸ ಕೆಡುತ್ತಿದ್ದಿತು. ಪ್ರತಿರಾತ್ರಿ ಕ್ರಾನ್ ‘ಸ್ಥಳವಿಲ್ಲ’ ಎಂದು ರೂಟಿಗೆ ಪತ್ರ ಬರೆಯುತ್ತಿದ್ದಿತು. ಮೂರು ತಿಂಗಳ ಮೇಲೆ, ಮಳೆಗಾಲದ ಒಂದು ರಾತ್ರಿ ವಿದ್ಯುತ್ತಿನ ಏರುಪೇರಿನಿಂದ ಮೊದಲ ಡಿಸ್ಕು ಕೆಟ್ಟಿತು. ಆ ಮೂರು ತಿಂಗಳ ಕ್ಷೇತ್ರಕಾರ್ಯದ ಚಿತ್ರಗಳೂ ಪಾಠಗಳೂ ಹೋದುವು.

ಪತ್ರಗಳೆಲ್ಲ ಎಲ್ಲಿ ಹೋದುವೆಂಬುದನ್ನು ಹುಡುಕುವಾಗ ಅನುಸರಿಸಿದ ಕ್ರಮವನ್ನು ಇಲ್ಲಿ ಹೇಳುವುದು ಉಚಿತ. ಸ್ಥಳೀಯ ಬಟವಾಡೆಯ ಯಾವ ದೋಷಕ್ಕೂ ಅದು ಹೊಂದುತ್ತದೆ. ವ್ಯವಸ್ಥೆಯ ಕಡತಗಳು ಬೇರೆ ಡಿಸ್ಕಿನಲ್ಲಿದ್ದುದರಿಂದ ದಾಖಲೆಗಳು ಉಳಿದಿದ್ದುವು.

ಮೊದಲನೆಯದಾಗಿ, ಪತ್ರ ಇನ್ನೂ ಸರದಿಯಲ್ಲಿ ನಿಂತಿದೆಯೇ ಎಂದು ‘ಮೇಲ್‌ಕ್ಯೂ’ ಆಜ್ಞೆಯಿಂದ ನೋಡಬೇಕು. ಇಲ್ಲಿ ಸರದಿ ಬರಿದಾಗಿದ್ದಿತು. ಬರಿದಾದ ಸರದಿಯನ್ನು ಕಂಡು ಎಲ್ಲವೂ ಸರಿಯಿದೆಯೆಂದು ತಿಳಿಯುವುದು ಸಾಮಾನ್ಯವಾದ ತಪ್ಪು. ಮುಟ್ಟಿದ ಪತ್ರವೂ ಸರದಿಯಲ್ಲಿರುವುದಿಲ್ಲ, ನಾಶವಾದ ಪತ್ರವೂ ಇರುವುದಿಲ್ಲ.

ಎರಡನೆಯದಾಗಿ, ವಿಳಾಸದ ಬಲಗಡೆಯನ್ನು ಯಂತ್ರವು ತನ್ನದೆಂದು ಒಪ್ಪಿದೆಯೇ ಎಂಬುದು. ಪೋಸ್ಟ್‌ಫಿಕ್ಸಿನಲ್ಲಿ ‘ಮೈಡೆಸ್ಟಿನೇಷನ್’ ಎಂಬ ಪಟ್ಟಿಯಲ್ಲಿರುವ ಹೆಸರುಗಳು ಮಾತ್ರ ಸ್ವಸ್ಥಳ. ಯಂತ್ರದ ಸ್ವಂತ ಹೆಸರು ಅದರಲ್ಲಿ ಬಿಟ್ಟುಹೋದರೆ ಮನೆಯೊಳಗಿನ ಪತ್ರ ಹೊರಗೆ ಅಲೆಯುತ್ತದೆ. ಬೇರೆಡೆಯಲ್ಲಿ ಅಂಚೆ ಪಡೆಯುವ ಸಂಸ್ಥೆಯ ಹೆಸರು ಅದರಲ್ಲಿ ಸೇರಿಕೊಂಡರೆ ಹೊರಗೆ ಹೋಗಬೇಕಾದ ಪತ್ರವನ್ನು ಮನೆಯಲ್ಲಿಯೇ ಹುಡುಕಿ ‘ಅಂಥವರಿಲ್ಲ’ ಎಂದು ತಿರುಗಿಸುತ್ತದೆ. ೧೮೮೯ಕ್ಕೆ ಹಿಂದೆ ಜಡೆಯ ಪತ್ರಕ್ಕೂ ಬನವಾಸಿಯ ಪತ್ರಕ್ಕೂ ಇದ್ದ ಭೇದವೇ ಇದು. ಪ್ರಕೃತ ಪ್ರಸಂಗದಲ್ಲಿ ಈ ಪಟ್ಟಿ ಸರಿಯಾಗಿದ್ದಿತು.

ಮೂರನೆಯದಾಗಿ, ಎಡಗಡೆಯ ಹೆಸರು. ಲಾಗನ್ನು ತೆರೆದು ಒಂದು ಪತ್ರದ ಸರದಿಯ ಗುರುತನ್ನು ಹಿಡಿದು ಮೊದಲಿನಿಂದ ಕಡೆಯವರೆಗೆ ಓದಲಾಯಿತು. ರೂಟಿಗೆ ಬಂದ ಪತ್ರ ಅಲಿಯಾಸಿನ ಪ್ರಕಾರ ವರ್ಗವಾಗಿ ಹೋದವರ ಹೆಸರಿಗೆ ತಿರುಗಿ, ‘ಅಂಥ ಬಳಕೆದಾರರಿಲ್ಲ’ ಎಂಬ ಷರಾದೊಡನೆ ತಿರಸ್ಕೃತವಾಗಿದ್ದಿತು. ತಿರಸ್ಕೃತ ಪತ್ರವನ್ನು ಕಳುಹಿಸಿದವನಿಗೆ ಹಿಂದಿರುಗಿಸಬೇಕು, ಕಳುಹಿಸಿದವನೂ ರೂಟ್. ಆದಕಾರಣ ಹಿಂದಿರುಗಿದ ಪತ್ರವೂ ಅದೇ ಪಂಕ್ತಿಯ ಮೂಲಕ ಅದೇ ಇಲ್ಲದ ಹೆಸರಿಗೆ ಹೋಯಿತು. ಹೀಗೆ ಎರಡನೆಯ ಸಲ ತಿರಸ್ಕೃತವಾದದ್ದನ್ನು ಪೋಸ್ಟ್‌ಫಿಕ್ಸ್ ತನ್ನ ರೂಢಿಯ ಏರ್ಪಾಟಿನಲ್ಲಿ ತ್ಯಜಿಸಿಬಿಡುತ್ತದೆ. ತ್ಯಜಿಸದಿದ್ದರೆ ಆ ಪತ್ರ ಎಂದೆಂದಿಗೂ ಸುತ್ತುತ್ತಲೇ ಇರಬೇಕಾದೀತು. ದೋಷವು ಸಿಕ್ಕಿದ್ದು ಇಲ್ಲಿ. ಪಂಕ್ತಿಯನ್ನು ತಿದ್ದಿದ ಮೇಲೆ ‘ನ್ಯೂಅಲಿಯಾಸಸ್’ ಎಂಬ ಆಜ್ಞೆಯನ್ನು ಕೊಡಲು ಮರೆಯಬಾರದು. ಯಂತ್ರವು ಓದುವುದು ಆ ಪಟ್ಟಿಯಿಂದ ತಯಾರಾದ ಸೂಚಿಯನ್ನು. ಸೂಚಿ ಹಳೆಯದಾಗಿಯೇ ಉಳಿದರೆ ತಿದ್ದಿದ ಪಂಕ್ತಿ ನಿಷ್ಪ್ರಯೋಜಕ.

ನಾಲ್ಕನೆಯದಾಗಿ, ಹೆಸರು ಸರಿಯಿದ್ದರೆ ಪೆಟ್ಟಿಗೆಯನ್ನು ನೋಡಬೇಕು. ಅದು ಸಾಮಾನ್ಯವಾಗಿ ‘ವಾರ್’ ಎಂಬ ಕೋಶದೊಳಗಣ ‘ಮೇಲ್’ ಎಂಬ ಕೋಶದಲ್ಲಿ ಬಳಕೆದಾರನ ಹೆಸರಿನಲ್ಲಿಯೇ ಇರುತ್ತದೆ. ಅದಕ್ಕೆ ಬರೆಯುವ ಅಧಿಕಾರ ಸರಿಯಾಗಿದೆಯೇ, ಡಿಸ್ಕಿನಲ್ಲಿ ಸ್ಥಳವಿದೆಯೇ, ಹಳೆಯ ಬೀಗ ಉಳಿದಿದೆಯೇ ಎಂಬುವು ಇಲ್ಲಿನ ಪ್ರಶ್ನೆಗಳು. ಇವುಗಳಲ್ಲಿ ಯಾವುದು ಕೆಟ್ಟಿದ್ದರೂ ಅದರ ಕುರುಹು ಲಾಗಿನಲ್ಲಿ ದೊರೆಯುತ್ತದೆ. ಐದನೆಯದಾಗಿ, ಪತ್ರ ಬಿದ್ದ ಪೆಟ್ಟಿಗೆಯೂ ಓದುವವನು ತೆರೆಯುವ ಪೆಟ್ಟಿಗೆಯೂ ಒಂದೇ ಆಗಿದೆಯೇ ಎಂಬುದು.

ಇನ್ನೊಂದು ಸಂಗತಿ ಚರಿತ್ರೆಯ ವಿದ್ಯಾರ್ಥಿಗೆ ವಿಶೇಷವಾಗಿ ಮನನೀಯ. ಮೂರು ತಿಂಗಳ ಲಾಗ್ ದೊರೆಯಲಿಲ್ಲ. ಡೆಬಿಯನ್ ಲಿನಕ್ಸಿನ ರೂಢಿಯಲ್ಲಿ ಅಂಚೆಯ ಲಾಗನ್ನು ವಾರಕ್ಕೊಮ್ಮೆ ಬದಲಿಸಿ ಹಿಂದಿನ ನಾಲ್ಕನ್ನು ಮಾತ್ರ ಇಟ್ಟು ಹಳೆಯದನ್ನು ಅಳಿಸುತ್ತಾರೆ. ಡಿಸ್ಕು ಮೊದಲು ತುಂಬಿದ ದಿನವಾವುದು, ಮೊದಲ ಪತ್ರ ತಿರಸ್ಕೃತವಾದ ದಿನವಾವುದು ಎಂಬುದನ್ನು ದಾಖಲೆಯಿಂದ ನಿರ್ಣಯಿಸಲಾಗದೆ, ಎರಡನೆಯ ಡಿಸ್ಕಿನಲ್ಲಿ ಉಳಿದ ಕಡೆಯ ಪ್ರತಿಯ ತಾರೀಖಿನಿಂದ ಊಹಿಸಬೇಕಾಯಿತು. ಮುಖ್ಯ ದಾಖಲೆ ನಷ್ಟವಾದಾಗ ಆನುಷಂಗಿಕ ಸಾಕ್ಷ್ಯದಿಂದ ಕಾಲವನ್ನು ನಿರ್ಣಯಿಸುವ ನಮ್ಮ ಕಸುಬಿನ ಕ್ರಮವೇ ಯಂತ್ರದ ವಿಷಯದಲ್ಲಿಯೂ ಒದಗಿತು.

೬. ಉಪಸಂಹಾರ

ಮೇಲ್ಕಂಡ ವಿವೇಚನೆಯಿಂದ ಎರಡು ಮಾತುಗಳು ಸಿದ್ಧವಾಗುತ್ತವೆ. ಒಂದು, ಬಟವಾಡೆಯ ದೋಷವನ್ನು ಊಹೆಯಿಂದ ಕಂಡುಹಿಡಿಯಲಾಗದು. ಪತ್ರ ಕೈಯಿಂದ ಕೈಗೆ ಬದಲಾಗುವ ಪ್ರತಿ ಸ್ಥಳದಲ್ಲಿಯೂ ಒಂದು ಗುರುತು ಉಳಿದಿರಬೇಕು. ಶೋಧಕನು ಆ ಗುರುತುಗಳನ್ನು ಒಂದೊಂದಾಗಿ, ನಡುವೆ ಹಾರದೆ, ಅನುಸರಿಸಬೇಕು. ಅಂಚೆಯ ಮುದ್ರೆಯೂ ಷರಾವೂ ನಾಡಿನ ಅಂಚೆಗೆ ಈ ಕೆಲಸವನ್ನು ಮಾಡಿದರೆ, ಸರದಿಯ ಗುರುತೂ ಲಾಗೂ ಯಂತ್ರದ ಅಂಚೆಗೆ ಮಾಡುತ್ತವೆ. ಎರಡು, ಪದವಿಗೆ ಬರೆದ ಪತ್ರವನ್ನು ಕಡೆಗೆ ಒಬ್ಬ ಮನುಷ್ಯನು ಓದಬೇಕು. ಬೇಹಿನ ಚಾವಡಿಯ ವರದಿಯು ದೊರೆಯೆಂಬ ಪದವಿಗೆ ಬರುತ್ತಿದ್ದಿತು. ಆ ಪದವಿಯಲ್ಲಿ ಯಾವಾಗಲೂ ಒಬ್ಬನು ಕುಳಿತಿರುತ್ತಿದ್ದನು. ನಮ್ಮ ಯಂತ್ರದಲ್ಲಿ ರೂಟ್ ಎಂಬ ಪದವಿ ಮೂರು ತಿಂಗಳು ಬರಿದಾಗಿದ್ದಿತು. ಯಂತ್ರವು ತನ್ನ ಕರ್ತವ್ಯವನ್ನು ತಪ್ಪದೆ ಮಾಡಿತು, ಪ್ರತಿರಾತ್ರಿ ಬರೆಯಿತು. ಒಬ್ಬರು ವರ್ಗವಾಗಿ ಹೋದಾಗ ಅವರ ಹೆಸರಿಗೆ ಬರುತ್ತಿದ್ದ ಪತ್ರಗಳನ್ನು ಇನ್ನು ಮುಂದೆ ಯಾರು ಓದತಕ್ಕದ್ದು ಎಂದು ಕೇಳುವವರು ಮಾತ್ರ ಇರಲಿಲ್ಲ.

ಆದಕಾರಣ ಈಗ ಅಲ್ಲಿ ಎರಡು ಏರ್ಪಾಟುಗಳನ್ನು ಮಾಡಿದೆ. ರೂಟಿನ ಪತ್ರ ಇಬ್ಬರಿಗೆ ಹೋಗುತ್ತದೆ. ಕೆಲಸ ಕೆಟ್ಟಾಗ ಮಾತ್ರ ಬರೆಯುವುದರ ಬದಲಾಗಿ, ಸರಿಯಾಗಿ ನಡೆದ ದಿನವೂ ಯಂತ್ರವು ಒಂದು ಸಾಲು ಬರೆಯುತ್ತದೆ. ಬೆಳಗ್ಗೆ ಆ ಸಾಲು ಕಾಣದಿದ್ದರೆ ಅಂಚೆಯೇ ಕೆಟ್ಟಿದೆಯೆಂದು ತಿಳಿಯಬಹುದು.

ಕಳೆದುಹೋದ ಪಾಠಗಳಲ್ಲಿ ಬಹುಪಾಲನ್ನು ವಿದ್ಯಾರ್ಥಿಗಳು ಮತ್ತೆ ಹಳ್ಳಿಗಳಿಗೆ ಹೋಗಿ ಬರೆದು ತಂದಿದ್ದಾರೆ. ಒಂದು ಕೆರೆಯ ಏರಿಯ ಮೇಲಿದ್ದ ವೀರಗಲ್ಲು ಮಾತ್ರ ಹೂಳೆತ್ತುವ ಕೆಲಸ ನಡೆದ ಅನಂತರ ಆ ಸ್ಥಳದಲ್ಲಿ ದೊರೆಯಲಿಲ್ಲ. ಅದರ ಛಾಯಾಚಿತ್ರ ಹೋದ ಡಿಸ್ಕಿನಲ್ಲಿದ್ದಿತು. ಒಬ್ಬ ವಿದ್ಯಾರ್ಥಿನಿಯ ಟಿಪ್ಪಣಿ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡ ನಾಲ್ಕು ಪಂಕ್ತಿಗಳು ಉಳಿದಿವೆ. ಐದನೆಯದನ್ನು ಮನೆಗೆ ಹೋಗಿ ಚಿತ್ರವನ್ನು ನೋಡಿ ಬರೆದುಕೊಳ್ಳುವೆನೆಂದು ಆಕೆ ಬಿಟ್ಟಿದ್ದಳು. ಆ ನಾಲ್ಕು ಪಂಕ್ತಿಗಳ ಪಾಠವನ್ನು, ಅಪೂರ್ಣವೆಂಬ ಸೂಚನೆಯೊಡನೆ, ವಿಭಾಗದ ಸಂಗ್ರಹದಲ್ಲಿ ಇಟ್ಟಿದೆ.